ಎದುರಂಗಡಿಯ ಕೋಶಗಳು

ಜನವರಿ ೯, ಸೋಮವಾರ

ಕೈಗೆ ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೀಸೆ ಚಿಗುರುವ ಮುಂಚಿನಿಂದ ಸೋಫಾ, ಕುರ್ಚಿಗಳಿಗೆ ಹೊದಿಕೆ ಹಾಕಿಕೊಂಡು ಬಂದ ಕೈ ಇದು. ಸುತ್ತಿಗೆ, ಕತ್ತರಿ, ಸೂಜಿ ಮೂರನ್ನೂ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಸಣ್ಣ ಗಾಯವಾದರೂ ರಕ್ತ ನಿಲ್ಲುವುದಿಲ್ಲವಂತೆ. ತೊಡೆಯ ಮೇಲೆ, ತೋಳಿನ ಮೇಲೆ ನೀಲಿ ಕಲೆಗಳು. ಯಾರೂ ಹೊಡೆದಿಲ್ಲ, ನಾನು ಎಲ್ಲೂ ಬಿದ್ದಿಲ್ಲ.

ಇವತ್ತು ದೊಡ್ಡ ಡಾಕ್ಟರು ನನ್ನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ವಿವರಿಸಿದರು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸಿಬಿಟ್ಟಿದೆ. ಅಲ್ಲಿ ಕಾಂಡಕೋಶ ಎಂಬುವು ಇರಬೇಕಿತ್ತು, ನನ್ನಲ್ಲಿ ಅವು ಹೆಚ್ಚುಕಮ್ಮಿ ಖಾಲಿ. ಕಾಂಡ ಎಂದರೆ ನನಗೆ ಗೊತ್ತಿರುವುದು ಮರದ ಕಾಂಡ. ಕಣ್ಣು ಕಣ್ಣು ಬಿಟ್ಟೆ.

"ಯಾವ ಕೆಲಸ ಅಂತ ಇನ್ನೂ ಗೊತ್ತು ಮಾಡ್ಕೊಂಡಿರದ ಕೋಶ ಅಂದ್ಕೊಳ್ಳಿ," ಎಂದರು. "ಬೇಕಾದಾಗ ಕೆಂಪುಕಣ ಆಗತ್ತೆ, ಬಿಳಿಕಣ ಆಗತ್ತೆ, ತನ್ನ ಥರದ್ದೇ ಇನ್ನೊಂದು ಕಾಂಡಕೋಶಾನೂ ಆಗತ್ತೆ."

"ಥೇಟ್ ನಮ್ಮ ಭಾಮೈದ," ಎಂದೆ. ಹೆಂಡತಿ ಮೊಣಕೈಯಿಂದ ತಿವಿದಳು. ಅವಳ ತಮ್ಮನಿಗೆ ನಲವತ್ತಾದರೂ ಯಾವ ಕೆಲಸ ಎಂದು ಗೊತ್ತಾಗಿಲ್ಲ. ತಿವಿದ ಜಾಗ ಸಂಜೆಯ ಹೊತ್ತಿಗೆ ನೀಲಿಯಾಯಿತು. ಅದನ್ನು ನೋಡಿ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೇರೆಯವರ ಮಜ್ಜೆ ತಂದು ನನಗೆ ಹಾಕಬೇಕು. ಹಾಕದಿದ್ದರೆ ಈ ವರ್ಷ ದಾಟುವುದು ಕಷ್ಟ. ನಾನು ಕೇಳಿರಲಿಲ್ಲ, ಅವರೇ ಹೇಳಿದರು.

ಜನವರಿ ೨೦, ಶುಕ್ರವಾರ

ದಾನಿಗಾಗಿ ಹುಡುಕುತ್ತಿದ್ದಾರಂತೆ. ನನಗೆ ಹೊಂದುವವರು ಒಬ್ಬರೂ ಸಿಕ್ಕಿಲ್ಲ.

ಅಂಗಡಿಯ ಷಟರ್ ಅರ್ಧ ಎತ್ತಿ ಒಳಗೆ ಸುಮ್ಮನೆ ಕೂತಿದ್ದೆ. ಅಂಟಿನ ಡಬ್ಬಗಳನ್ನೆಲ್ಲ ಹೆಂಡತಿ ಹೊರಗೆ ಸಾಗಿಸಿದ್ದಾಳೆ. ಇಷ್ಟು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಉಸಿರಾಡಿದ ಅಂಟಿನ ಗಾಳಿಯೇ ಇದಕ್ಕೆ ಕಾರಣವಿರಬಹುದು, ಇಲ್ಲದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಹೌದೋ ಅಲ್ಲವೋ ಒಂದನ್ನು ಹೇಳಿದ್ದರೆ ಬೈಯಲಿಕ್ಕಾದರೂ ಅನುಕೂಲವಾಗುತ್ತಿತ್ತು.

ಎದುರಂಗಡಿಯಲ್ಲಿ ಟಕ್ ಟಕ್ ಎಂದು ಮೊಳೆ ಹೊಡೆಯುವ ಸದ್ದು. ಎದುರಂಗಡಿ ಎಂದರೆ ನನ್ನ ಒಡಹುಟ್ಟಿದವಳು, ನನಗಿಂತ ಹಿರಿಯಳು. ಅವಳದೂ ಇದೇ ಕಸುಬು. ಮೊದಲು ಇಬ್ಬರೂ ಈ ಅಂಗಡಿಯಲ್ಲೇ ಇದ್ದೆವು. ಒಂದು ದಿನ ನಾನು ಮುಗಿಸಿಟ್ಟ ಸೋಫಾವನ್ನು ಗಿರಾಕಿಯ ಕಣ್ಣೆದುರೇ ಬ್ಲೇಡಿನಿಂದ ಸೀಳಿ, ಒಳಗೆ ತೆಂಗಿನ ನಾರು ತುಂಬುವ ಬದಲು ಫೋಮು ಅಂಟಿಸಿದ್ದೇನೆ ಎಂದು ತೋರಿಸಿದಳು. ನನಗೆ ಮೈಯೆಲ್ಲ ಉರಿಯಿತು. "ಇವಳಿಗೆ ಹೊಲಿಗೆ ಗೊತ್ತು, ಸೋಫಾ ಗೊತ್ತಿಲ್ಲ. ಇವಳ ಮಾತು ಕಿವಿ ಮೇಲೆ ಹಾಕ್ಕೋಬೇಡಿ," ಎಂದು ಗಿರಾಕಿಗೆ ಹೇಳಿದೆ. ಅಷ್ಟೇ ಹೇಳಿದ್ದು. ಅವಳು ತನ್ನ ಸಾಮಾನು ಎತ್ತಿಕೊಂಡು ರಸ್ತೆ ದಾಟಿದಳು. ಎಂಟು ವರ್ಷವಾಯಿತು, ಮಾತಿಲ್ಲ. ತಪ್ಪು ಅವಳದು. ಮುಗಿಸಿದ ಕೆಲಸವನ್ನು ಯಾರಾದರೂ ಬಿಚ್ಚುತ್ತಾರೆಯೇ?

ಫೆಬ್ರವರಿ ೨, ಗುರುವಾರ

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ದೊಡ್ಡ ಡಾಕ್ಟರು ಮಾತಿನ ನಡುವೆ, "ನಿಮ್ಮ ಅಕ್ಕನ ಜೊತೆ ಹೊಂದಾಣಿಕೆ ಇದ್ದಿದ್ರೆ ಇಷ್ಟೊಂದು ಕಾಯೋದೇ ಬೇಕಿರಲಿಲ್ಲ," ಎಂದರು.

ನನಗೆ ಸಿಟ್ಟು ಬಂತು. ನಮ್ಮ ಮನೆಯ ಜಗಳದಲ್ಲಿ ಇವರೇಕೆ ಮೂಗು ತೂರಿಸುತ್ತಾರೆ? "ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಎಂದೆ.

"ನಿಮ್ಮ ಮನೆಯವರೇ ಹೇಳಿದಾರಲ್ಲ."

ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದೆ. ಆಗ ವಿಷಯ ಹೊರಬಿತ್ತು. ಜನವರಿಯಲ್ಲಿ ಆಸ್ಪತ್ರೆಯಿಂದ ಫೋನು ಬಂದಾಗ ತೆಗೆದವಳು ಇವಳು. ಒಡಹುಟ್ಟಿದವರು ಇದ್ದಾರಾ ಎಂದು ಕೇಳಿದರಂತೆ. ಒಬ್ಬರು ಅಕ್ಕ ಇದ್ದಾರೆ ಎಂದಳಂತೆ. "ಅವರಿಗೂ ಪೇಷಂಟಿಗೂ ಹೊಂದಾಣಿಕೆ ಇದೆಯಾ?" ಎಂದು ಕೇಳಿದರಂತೆ. "ಎಲ್ಲಿಂದ ಬಂತು, ಎಂಟು ವರ್ಷದಿಂದ ಇಲ್ಲ," ಎಂದಳಂತೆ ಇವಳು. ಹಿಂದೆ ಯಾವಾಗಲೋ ಪರೀಕ್ಷೆ ಮಾಡಿಸಿರಬೇಕು ಎಂದುಕೊಂಡು ಅವರು ಹೊಂದಾಣಿಕೆ ಇಲ್ಲ ಎಂದು ಬರೆದುಕೊಂಡುಬಿಟ್ಟರು.

ನರ್ಸಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

"ನನಗೇನ್ರೀ ಗೊತ್ತು," ಎಂದಳು ಇವಳು ಬಸ್ಸಿನಲ್ಲಿ. "ಹೊಂದಾಣಿಕೆ ಅಂದ್ರೆ ಹೊಂದಾಣಿಕೆ ಅಂದ್ಕೊಂಡೆ." ಅವಳನ್ನು ಬೈಯಲು ಬಾಯಿ ತೆರೆದೆ. ನಾನೂ ಹಾಗೇ ಅಂದುಕೊಂಡಿದ್ದೆ ಎಂದು ನೆನಪಾಗಿ ಟಿಕೆಟಿಗೆ ಚಿಲ್ಲರೆ ಹುಡುಕತೊಡಗಿದೆ. ಅಷ್ಟು ದಿನ ಸುಮ್ಮನೆ ಹೋಯಿತಲ್ಲ.

ಈಗ ಎದುರಂಗಡಿಗೆ ಹೋಗಿ ಕೇಳುವವರು ಯಾರು? ನಾನಂತೂ ಹೋಗುವುದಿಲ್ಲ.

ಫೆಬ್ರವರಿ ೪, ಶನಿವಾರ

ಇವಳೇ ಹೋದಳು. ನಾನು ಷಟರಿನ ಹಿಂದೆ ನಿಂತು ನೋಡಿದೆ. ಎದುರಂಗಡಿಯವಳ ಮುಂದೆ ನಿಂತು ಇವಳು ಬಹಳ ಹೊತ್ತು ಕೈ ಆಡಿಸಿ ಮಾತಾಡಿದಳು. ಎದುರಂಗಡಿ ತಲೆ ಎತ್ತದೆ ಒಂದು ಸಾಲು ಮೊಳೆ ಹೊಡೆದು ಮುಗಿಸಿತು. ಆಮೇಲೆ ಕೈ ಒರೆಸಿಕೊಂಡಿತು, ಷಟರ್ ಎಳೆಯಿತು, ರಸ್ತೆ ದಾಟಿತು. ನನ್ನ ಬಾಗಿಲಿಗೆ ಬಂದು ನಿಂತು, ಇವಳನ್ನು ಕೇಳಿತು: "ಯಾವ ಬಸ್ಸು?"

ನನ್ನ ಕಡೆ ನೋಡಲಿಲ್ಲ. ಬಿಂಕ.

ಫೆಬ್ರವರಿ ೧೭, ಶುಕ್ರವಾರ

ಪೂರ್ತಿ ಹೊಂದಾಣಿಕೆಯಂತೆ. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಹೀಗೆ ಕೂಡಿಬರುತ್ತದೆ ಎಂದರು ದೊಡ್ಡ ಡಾಕ್ಟರು. ನಾನೂ ಎದುರಂಗಡಿಯೂ ಮೇಜಿನ ಈ ಕೊನೆಗೊಬ್ಬರು ಆ ಕೊನೆಗೊಬ್ಬರು ಕೂತಿದ್ದೆವು.

"ಮೆಷಿನ್ನು ಸರಿ ಇದೆಯಾ?" ಎಂದಳು ಅವಳು.

ಆ ಮಾತನ್ನು ನಾನೇ ಕೇಳಬೇಕು ಎಂದಿದ್ದೆ. ಮೊದಲೇ ಕೇಳಿಬಿಟ್ಟಳು.

ಮಾರ್ಚ್ ೮, ಬುಧವಾರ

ಗಾಜಿನ ಗೋಡೆಯ ಕೋಣೆ. ಒಳಗೆ ಬರುವವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಎದುರಂಗಡಿಯವಳ ಸೊಂಟದ ಮೂಳೆಯಿಂದ ಬೆಳಿಗ್ಗೆ ತೆಗೆದದ್ದನ್ನು ಮಧ್ಯಾಹ್ನ ಒಂದು ಚೀಲದಲ್ಲಿ ತಂದು ನೇತುಹಾಕಿದರು. ದೊಡ್ಡ ಆಪರೇಷನ್ ಎಂದು ಹೆದರಿದ್ದೆ. ಕೊನೆಗೆ ನೋಡಿದರೆ ಬರೀ ರಕ್ತ ಹಾಕಿದ ಹಾಗೆ, ಹನಿ ಹನಿಯಾಗಿ ಕೈಯೊಳಗೆ ಇಳಿಯಿತು.

"ಮೂಳೆಗೇ ಹಾಕಬೇಕಲ್ವಾ?" ಎಂದು ನರ್ಸಮ್ಮನನ್ನು ಕೇಳಿದೆ. ಬೇಡವಂತೆ, ರಕ್ತದಲ್ಲಿ ಬಿಟ್ಟರೆ ಅವೇ ದಾರಿ ಹುಡುಕಿಕೊಂಡು ಮೂಳೆಗೆ ಹೋಗಿ ಸೇರುತ್ತವಂತೆ. ಅವುಗಳಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅದನ್ನು ದೊಡ್ಡ ಡಾಕ್ಟರನ್ನೇ ಕೇಳಿ ಎಂದಳು.

ಮಜ್ಜೆ ಕೊಟ್ಟವಳು ಗಾಜಿನ ಆಚೆ ಸೊಂಟ ಹಿಡಿದುಕೊಂಡು ನಿಂತಿದ್ದಳು. ನಾನು ಕೈ ಎತ್ತಿದೆ. ಚೀಲ ಖಾಲಿಯಾಗಿದೆಯೇ ಎಂದು ನೋಡಿ ಹೊರಟುಹೋದಳು.

ಮಾರ್ಚ್ ೧೪, ಮಂಗಳವಾರ

ಬಾಯಿ ತುಂಬ ಹುಣ್ಣು. ನೀರೂ ಉರಿಯುತ್ತದೆ.

ಮಾರ್ಚ್ ೧೯, ಭಾನುವಾರ

ಜ್ವರ. ಇದೆಲ್ಲ ಯಾಕಾದರೂ ಬೇಕಿತ್ತೋ.

ಮಾರ್ಚ್ ೨೯, ಬುಧವಾರ

ಹೊಸ ಕೋಶಗಳು ಬೇರು ಬಿಟ್ಟಿವೆಯಂತೆ. ಬಿಳಿಕಣ ಏರುತ್ತಿದೆ. ನರ್ಸಮ್ಮ ಬಂದು ಹೇಳಿದಳು. ಇವಳು ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಪಕ್ಕದಲ್ಲಿ ಅಕ್ಕನೂ ಇದ್ದಳು.

ಏಪ್ರಿಲ್ ೧೧, ಮಂಗಳವಾರ

ಕಣ್ಣು ಹಳದಿ, ಹೊಟ್ಟೆ ಊದಿದೆ. ಹಳೆಯ ಮಜ್ಜೆಯನ್ನು ಖಾಲಿ ಮಾಡಲು ಕೊಟ್ಟ ಕಟುವಾದ ಔಷಧ ಲಿವರಿಗೆ ಏಟು ಕೊಟ್ಟಿದೆ. ಒಂದನ್ನು ಉಳಿಸಲು ಹೋಗಿ ಇನ್ನೊಂದು. ಮಜ್ಜೆ ಚೆನ್ನಾಗಿದೆ, ಲಿವರು ಉಳಿದುಕೊಂಡರೆ ನೀವು ಉಳಿದುಕೊಂಡ ಹಾಗೆ ಎಂದರು ದೊಡ್ಡ ಡಾಕ್ಟರು. ಉಳಿದುಕೊಳ್ಳದಿದ್ದರೆ ಎಂದು ಈ ಸಲವೂ ಕೇಳಲಿಲ್ಲ. ಈ ಸಲ ಅವರೂ ಹೇಳಲಿಲ್ಲ.

ಮೇ ೩, ಬುಧವಾರ

ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಲಿವರಿನ ಒಂದು ಚೂರು ತೆಗೆದರು. ಲಿವರ್ ಇರುವುದು ಹೊಟ್ಟೆಯಲ್ಲಿ, ದಾರಿ ಮಾತ್ರ ಕುತ್ತಿಗೆಯಿಂದ. ಈ ಆಸ್ಪತ್ರೆಯಲ್ಲಿ ಯಾವುದೂ ಅದರ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ.

ಅಕ್ಕ ಅಂಗಡಿಯಿಂದ ನೇರ ಬಂದಿದ್ದಳು, ಸೀರೆಗೆ ಅಂಟಿದ ನಾರು ಕೊಡವಿ, ಕೈ ತೊಳೆದು ಒಳಗೆ ಬಂದಳು. ಹಾಸಿಗೆಯ ಪಕ್ಕದ ಕುರ್ಚಿಯ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಫೋಮು," ಎಂದಳು.

ಎಂಟು ವರ್ಷದ ಮೇಲೆ ನನಗೆ ಹೇಳಿದ ಮೊದಲ ಮಾತು. ಚುಚ್ಚಿದ್ದೋ, ಸುಮ್ಮನೆ ಹೇಳಿದ್ದೋ? "ಹೂಂ," ಎಂದೆ.

ಮೇ ೧೬, ಮಂಗಳವಾರ

ಕಣ್ಣಿನ ಹಳದಿ ಕಡಿಮೆಯಾಗುತ್ತಿದೆ. ಇವತ್ತು ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡಬೇಕು. ನಾಳೆಗೆ ಇದೂ ಕಲಸಿಹೋಗುತ್ತದೆ.

ಕೆಳಗಿನ ಮಹಡಿಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ದಿನವಿಡೀ ಗಾಜಿನ ಚೂರುಗಳ ಮೇಲೆ ಅಂಗಾಂಶ ಇಟ್ಟು ನೋಡುವುದೇ ಅವರ ಕೆಲಸ, ಅದಕ್ಕೆ ನಾವು ಅವರಿಗೆ ಗಾಜಿನ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದೇವೆ. ಅಕ್ಕನನ್ನೂ ನನ್ನನ್ನೂ ಕರೆಸಿ ಪರದೆಯ ಮೇಲೆ ನನ್ನ ಲಿವರ್ ತೋರಿಸಿದರು. ಗಂಡಸಿನ ಕೋಶಕ್ಕೆ ಒಂದು ಕೆಂಪು ಚುಕ್ಕೆ, ಒಂದು ಹಸಿರು ಚುಕ್ಕೆ ಬರುವ ಹಾಗೆ ಬಣ್ಣ ಹಾಕಿದ್ದಾರೆ. ಹೆಂಗಸಿನ ಕೋಶವಾದರೆ ಎರಡೂ ಕೆಂಪು.

"ಇಲ್ಲಿ ನೋಡಿ," ಎಂದರು. "ಒಂದೇ ಕೋಶ, ಒಳಗೆ ಎರಡು ಬೀಜ, ಅಂದ್ರೆ ನ್ಯೂಕ್ಲಿಯಸ್. ಲಿವರಿನಲ್ಲಿ ಎರಡು ಬೀಜ ಇರೋದು ಹೊಸದೇನಲ್ಲ. ಆದ್ರೆ ಈ ಬೀಜದಲ್ಲಿ ಕೆಂಪು ಹಸಿರು. ಈ ಬೀಜದಲ್ಲಿ ಎರಡೂ ಕೆಂಪು."

"ಒಂದು ನಂದು," ಎಂದೆ.

"ಇನ್ನೊಂದು ಇವರದು."

ಅಕ್ಕ ಪರದೆಯ ಹತ್ತಿರ ಹೋದಳು. "ನನ್ನ ಹತ್ರ ಕೇಳಿದ್ದು ಮಜ್ಜೆ. ಇದು ಲಿವರಿಗೆ ಯಾಕೆ ಹೋಯ್ತು?"

ಡಾಕ್ಟರಮ್ಮ ನಕ್ಕರು. ಮಜ್ಜೆಯ ಕಾಂಡಕೋಶದಿಂದ ಹುಟ್ಟಿದ ರಕ್ತದ ಕೋಶಗಳು ಮೈಯೆಲ್ಲ ಸುತ್ತುತ್ತವೆ, ಏಟಾದ ಕಡೆಗೆ ಹೆಚ್ಚು ಹೋಗುತ್ತವೆ. ಅಲ್ಲಿ ಅಪರೂಪಕ್ಕೆ ಒಂದು, ಏಟು ತಿಂದ ಕೋಶಕ್ಕೆ ತಾಗಿ, ನಡುವಿನ ಪೊರೆ ಕರಗಿ, ಎರಡೂ ಒಂದಾಗಿಬಿಡುತ್ತವೆ. ರಕ್ತದ ಕೋಶವೇ ವೇಷ ಬದಲಿಸಿ ಲಿವರಿನ ಕೋಶವಾಗುತ್ತದೆ ಎಂದು ವಿಜ್ಞಾನಿಗಳು ಮೊದಲು ತಪ್ಪು ತಿಳಿದಿದ್ದರಂತೆ. ಇಲಿಗಳ ಲಿವರಿನಲ್ಲಿ ಹುಡುಕಿ ನೋಡಿದಾಗ ಅದು ವೇಷವಲ್ಲ, ಕೂಡಿಕೆ ಎಂದು ತಿಳಿಯಿತು. ಒಳಗೆ ಸೇರಿದ ಬೀಜ ರಕ್ತದ ಕೆಲಸ ಬಿಟ್ಟು ಲಿವರಿನ ಕೆಲಸ ಹಿಡಿಯುತ್ತದೆ. ಆಮೇಲೆ ಆ ಕೋಶ ಎರಡಾಗುತ್ತದೆ, ನಾಲ್ಕಾಗುತ್ತದೆ. ಕಾಯಿಲೆಯ ಇಲಿಗಳಲ್ಲಿ ಹೀಗೆ ಲಿವರಿನ ಎಷ್ಟೋ ಭಾಗ ಮತ್ತೆ ಬೆಳೆದದ್ದುಂಟು.

"ಹಾಗಾದ್ರೆ ನಾನು ಚೇತರಿಸ್ಕೊಳ್ತಿರೋದು ಇದರಿಂದಾನೇ?"

"ಹಾಗೆ ಹೇಳೋಕಾಗಲ್ಲ. ನಿಮ್ಮಲ್ಲಿ ತುಂಬ ಹುಡುಕಿದ ಮೇಲೆ ಇಂಥವು ಕೆಲವೇ ಸಿಕ್ಕಿದ್ದು. ಲಿವರಿಗೆ ತಾನಾಗೇ ಬೆಳೆಯೋ ಶಕ್ತಿ ಇದೆ. ಮನುಷ್ಯರಲ್ಲಿ ಈ ಕೂಡಿಕೆಯಿಂದ ಎಷ್ಟು ಉಪಯೋಗ ಅಂತ ನಮಗೂ ಇನ್ನೂ ಗೊತ್ತಿಲ್ಲ."

ಗೊತ್ತಿಲ್ಲದ್ದನ್ನು ತೋರಿಸಲು ಯಾಕೆ ಕರೆಸಿದರೋ. ತಲೆಬುಡ ಸಿಗಲಿಲ್ಲ. ಒಂದೇ ಒಂದು ಪ್ರಶ್ನೆ ಉಳಿದಿತ್ತು. "ಈಗ ಆ ಕೋಶ ಯಾರದು? ನಂದಾ, ಇವಳದಾ?"

ಡಾಕ್ಟರಮ್ಮ ಸ್ವಲ್ಪ ಯೋಚಿಸಿ, "ಲಿವರಿಂದು," ಎಂದರು.

ಲಿಫ್ಟಿನಲ್ಲಿ ಅಕ್ಕ ಬಾಗಿಲನ್ನೇ ನೋಡುತ್ತ ಹೇಳಿದಳು: "ನೀನು ಅವತ್ತು ಆಡಿದ ಮಾತನ್ನ ನಾನೇನೂ ಹೊಟ್ಟೆಗೆ ಹಾಕ್ಕೊಂಡಿಲ್ಲ. ನೀನೇ ನನ್ನ ಹೊಟ್ಟೆಗೆ ಹಾಕ್ಕೊಂಡಿರೋದು."

ನಗು ತಡೆಯಲಾಗಲಿಲ್ಲ. ಕುತ್ತಿಗೆಯ ಗಾಯ ಎಳೆಯಿತು. ನಕ್ಕದ್ದಕ್ಕೆ ಅವಳು ಮುಖ ಊದಿಸಿಕೊಂಡಳು. ತಮಾಷೆಗೆ ಹೇಳಿರಲಿಲ್ಲವೋ ಏನೋ.

ಜೂನ್ ೨೨, ಗುರುವಾರ

ರಕ್ತಪರೀಕ್ಷೆಯ ಕೋಣೆಯಿಂದ ಫೋನು. ಹೊಸದಾಗಿ ಸೇರಿದವನಿರಬೇಕು. "ಸಾರ್, ನಿಮ್ಮ ಸ್ಯಾಂಪಲ್ ಅದಲುಬದಲಾಗಿದೆ. ನಿಮ್ಮ ಹೆಸರಲ್ಲಿ ಯಾವುದೋ ಹೆಂಗಸಿನ ರಕ್ತ ಬಂದಿದೆ."

"ಅದು ನಮ್ಮಕ್ಕನದು," ಎಂದೆ.

"ಅವರನ್ನ ಯಾಕೆ ಕಳಿಸಿದ್ರಿ? ನೀವೇ ಬರಬೇಕು."

"ನಾನೇ ಬಂದಿದ್ದೆ."

ಅವನು ಫೋನನ್ನು ಬೇರೆ ಯಾರಿಗೋ ಕೊಟ್ಟ. ಅವರು ವಿವರಿಸಿರಬೇಕು, ಮತ್ತೆ ಫೋನು ಬರಲಿಲ್ಲ. ರಕ್ತದ ಗುಂಪೂ ಬದಲಾಗಿದೆ, ಬಿ ಇದ್ದದ್ದು ಓ ಆಗಿದೆ. ಇಷ್ಟೆಲ್ಲ ಆದ ಮೇಲೂ ಕನ್ನಡಿಯಲ್ಲಿ ಹಳೇ ಮುಖವೇ ಕಾಣುತ್ತದೆ, ಕೂದಲು ಮಾತ್ರ ಇಲ್ಲ. ಇವಳು ಹೇಳುವ ಪ್ರಕಾರ ನಾನು ಈಗೀಗ ಚಹಾದ ಲೋಟವನ್ನು ಅಕ್ಕನ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತೇನಂತೆ. ಕೋಶಗಳ ಪ್ರಭಾವವೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. ಕೈ ನಡುಗುತ್ತಿರುವುದಕ್ಕೆ ಹಾಗೆ ಹಿಡಿಯುತ್ತಿದ್ದೀರಿ ಎಂದರು. ಹಾಗಾದರೆ ಅಕ್ಕನ ಕೈ ಯಾಕೆ ನಡುಗುತ್ತದೆ ಎಂಬ ಪ್ರಶ್ನೆ ಆಮೇಲೆ ಹೊಳೆಯಿತು. ಮೊಳೆ ಹೊಡೆಯುವಾಗ ನಡುಗಿದ್ದನ್ನು ನಾನು ನೋಡಿಲ್ಲ.

ಜುಲೈ ೩೧, ಸೋಮವಾರ

ರಕ್ತಪರೀಕ್ಷೆಯಲ್ಲಿ ಲಿವರಿನ ಲೆಕ್ಕ ಇಳಿಯುತ್ತಿದೆ, ಇಳಿದಷ್ಟೂ ಒಳ್ಳೆಯದಂತೆ. ಮನೆಗೆ ಬಂದು ಆಗಲೇ ಕೆಲವು ವಾರವಾಯಿತು. ಅಂಟಿನ ಹತ್ತಿರ ಇನ್ನು ಯಾವತ್ತೂ ಸುಳಿಯಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಅಂಟಿಲ್ಲದೆ ನನ್ನ ಅಂಗಡಿ ಹೇಗೆ ನಡೆಯುತ್ತದೆ? ನಾನು ಕೂರಿಸಿದ ಫೋಮೆಲ್ಲ ಅಂಟಿನ ಮೇಲೇ ನಿಂತಿರುವುದು. ಉಳಿದುಕೊಂಡು ಏನು ಮಾಡಬೇಕು ಎಂಬುದನ್ನೂ ಯಾರಾದರೂ ಹೇಳಬೇಕಿತ್ತು.

ಸೆಪ್ಟೆಂಬರ್ ೧೮, ಸೋಮವಾರ

ಬಹಳ ದಿನ ಬರೆದಿಲ್ಲ. ಹೊತ್ತು ಸಿಗುವುದಿಲ್ಲ.

ಅಕ್ಕ ಒಂದು ಬೆಳಿಗ್ಗೆ ಬಂದು, "ಮನೇಲಿ ಕೂತು ಅವಳ ಜೀವ ತಿನ್ನಬೇಡ. ನಂಗೊಂದು ಕೈ ಬೇಕು," ಎಂದಳು. ಅವಳಲ್ಲಿ ಅಂಟು ಬಳಸುವುದೇ ಇಲ್ಲ, ಎಲ್ಲ ನಾರು, ಗೋಣಿಬಟ್ಟೆ, ಮೊಳೆ, ಹೊಲಿಗೆ. ದೊಡ್ಡ ಡಾಕ್ಟರು ದೂಳಿನಲ್ಲಿ ಕೂರಬೇಡಿ, ಮುಖಕ್ಕೆ ಬಟ್ಟೆ ಇರಲಿ ಎಂದು ಒಪ್ಪಿದರು. ಹಳೆಯ ಸೋಫಾ ಕೀಳುವುದು, ಕೊಡವುವುದು ಎಲ್ಲ ಅವಳು ಹಿಂದಿನ ಅಂಗಳದಲ್ಲಿ ಮುಗಿಸುತ್ತಾಳೆ. ನಾನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಅಂಚು ಹೊಲಿಯುತ್ತೇನೆ. ಹೊಲಿಗೆಯಲ್ಲಿ ನಾನು ಯಾವತ್ತೂ ಹಿಂದೆ. ಮೊದಲ ವಾರ ನಾನು ಹಾಕಿದ್ದನ್ನೆಲ್ಲ ಬಿಚ್ಚಿಸಿದಳು. ಈಗ ಅರ್ಧ ಬಿಚ್ಚಿಸುತ್ತಾಳೆ.

ಇವತ್ತು ಒಬ್ಬ ಗಿರಾಕಿ ರಸ್ತೆಯಾಚೆ ಬೊಟ್ಟು ಮಾಡಿ, ಆ ಅಂಗಡಿಯವರು ಎಲ್ಲಿಗೆ ಹೋದರು ಎಂದು ಕೇಳಿದ. "ಎದುರಂಗಡಿ ಮುಚ್ಚಿದಾರೆ. ಏನಿದ್ರೂ ನಮಗೆ ಕೊಡಿ," ಎಂದೆ. ಎರಡು ಊಟದ ಕುರ್ಚಿ ಕೊಟ್ಟು ಹೋದ.

ಅಕ್ಟೋಬರ್ ೨೪, ಮಂಗಳವಾರ

ಲೆಕ್ಕ ಮತ್ತೆ ಏರಿದೆ. ಮಾತ್ರೆಯಿಂದಲೂ ಇರಬಹುದು, ಲಿವರೇ ಮತ್ತೆ ಕೈಕೊಡುತ್ತಿರಬಹುದು. ಮಾತ್ರೆ ಬದಲಿಸಿದ್ದಾರೆ, ಮುಂದಿನ ತಿಂಗಳು ಗೊತ್ತಾಗುತ್ತದಂತೆ. ಇಳಿಯದಿದ್ದರೆ ಇನ್ನು ಹೆಚ್ಚು ದಾರಿಗಳಿಲ್ಲ ಎಂದರು ದೊಡ್ಡ ಡಾಕ್ಟರು. ಹೆದರಿಕೆಯಾಗುತ್ತಿದೆ. ಜನವರಿಯಲ್ಲಿ ಇಷ್ಟು ಹೆದರಿರಲಿಲ್ಲ, ಯಾಕೆಂದು ತಿಳಿಯದು.

ಗಾಜಿನ ಡಾಕ್ಟರಮ್ಮನಿಗೆ ಇನ್ನೊಂದು ಚೂರು ಬೇಕಂತೆ. ಆ ಎರಡು ಬೀಜದ ಕೋಶಗಳು ಹೆಚ್ಚಾಗಿವೆಯೋ ಇಲ್ಲವೋ ನೋಡಲಿಕ್ಕೆ. ಚಿಕಿತ್ಸೆಗೆ ಅದು ಬೇಕಾಗಿಲ್ಲ, ಬರೀ ಅಧ್ಯಯನಕ್ಕೆ, ಒಲ್ಲೆ ಎಂದರೂ ಬೇಸರವಿಲ್ಲ ಎಂದರು. ನನಗಂತೂ ನೋಡುವ ಆಸೆ. ಅಕ್ಕನನ್ನು ಕೇಳಿದೆ.

"ಏನೂ ಬೇಡ," ಎಂದಳು. "ಕೂಡ್ಕೊಂಡಿದ್ರೆ ಕೂಡ್ಕೊಂಡಿರತ್ತೆ. ಮುಗಿದಿರೋ ಕೆಲಸಾನ ಯಾರಾದ್ರೂ ಬಿಚ್ಚಿ ನೋಡ್ತಾರಾ?"

ಅವಳ ಮುಖ ನೋಡಿದೆ. ಅವಳು ಗೋಣಿಬಟ್ಟೆ ಅಳೆಯುತ್ತಿದ್ದಳು. ಅಳೆದದ್ದನ್ನೇ ಮತ್ತೆ ಅಳೆದಳು.

ಒಲ್ಲೆ ಎಂದು ತಿಳಿಸಿದೆ.

ನವೆಂಬರ್ ೨೮, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಗೆ ಇವಳ ಜೊತೆ ಹೋದೆ. ಬೆಲೆಬಾಳುವ ಸೋಫಾ ಒಂದನ್ನು ಇವತ್ತೇ ಕೊಡಬೇಕೆಂದು ಅಕ್ಕ ಬರಲಿಲ್ಲ.

ಇಳಿದಿದೆ. ಲಿವರ್ ಸರಿಯಾಗಿದೆ ಎಂದರು ದೊಡ್ಡ ಡಾಕ್ಟರು. ಎರಡು ಸಲ ಹೇಳಿಸಿಕೊಂಡೆ. ಯಾವುದರಿಂದ ಸರಿಯಾಯಿತು ಎಂದು ಕೇಳಿದ್ದಕ್ಕೆ ಮಾತ್ರೆ, ಲಿವರಿನದೇ ಶಕ್ತಿ, ಮತ್ತೇನೇನೋ ಎಂದರು. ಆ ಮತ್ತೇನೇನೋ ಯಾವುದೆಂದು ಕೇಳಲು ಹೋಗಲಿಲ್ಲ. ಇವಳು ಮೆಟ್ಟಿಲ ಮೇಲೇ ಕೂತು ತನ್ನ ತಮ್ಮನಿಗೆ ಫೋನು ಮಾಡಿದಳು. ನಾನು ಕಾಯದೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅಕ್ಕ ಮಂಡಿಯೂರಿ ಸೋಫಾದ ಕೆಳಗಿನ ಅಂಚಿಗೆ ಮೊಳೆ ಹೊಡೆಯುತ್ತಿದ್ದಳು. ಬಾಯಿ ತುಂಬ ಮೊಳೆ. ಕೈಗೆ ಸುಲಭವಾಗಿ ಸಿಗಲೆಂದು ನಾವೆಲ್ಲ ಬಾಯಲ್ಲೇ ಇಟ್ಟುಕೊಳ್ಳುವುದು, ಹಾಗಾಗಿ ಹೊಡೆಯುವಾಗ ಮಾತಿಲ್ಲ. ಕಣ್ಣಿನಲ್ಲೇ ಏನಾಯಿತು ಎಂದಳು.

"ಸರಿ ಹೋಯ್ತಂತೆ ಅಕ್ಕ," ಎಂದೆ.

ತಲೆ ಆಡಿಸಿದಳು. ಒಂದು ಮೊಳೆ ತೆಗೆದು ಅಂಚಿಗಿಟ್ಟು ಹೊಡೆದಳು. ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಇಷ್ಟು ವರ್ಷದಲ್ಲಿ ಅವಳ ಏಟು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವಳು ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿ, ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಸೋಫಾಗೆ ಒರಗಿ ಅಳತೊಡಗಿದಳು. ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

"ತುಂಬ ನೋವಾ?" ಎಂದೆ.

"ಬೆರಳು ಕಣೋ," ಎಂದಳು. "ಬೆರಳು."

ಊದಿರಲಿಲ್ಲ. ಕೆಂಪಗೂ ಆಗಿರಲಿಲ್ಲ. ನೀರು ತಂದುಕೊಟ್ಟೆ, ಕುಡಿದಳು, ಮತ್ತೆ ಅತ್ತಳು. ಗಿರಾಕಿ ಬರುವ ಹೊತ್ತಾಗುತ್ತಿತ್ತು. ಅವಳ ಅಂಗೈಯಿಂದ ಮೊಳೆಗಳನ್ನು ತೆಗೆದು ಬಾಯಿಗೆ ಹಾಕಿಕೊಂಡೆ, ಸುತ್ತಿಗೆ ಎತ್ತಿಕೊಂಡು ಉಳಿದ ಸಾಲು ನಾನೇ ಹೊಡೆದೆ.